ಗುರುವಯ್ಯ ಬರೆದ ಕಣ್ಣು

ಮೂಡಿಗೆರೆ ಹತ್ತಿರದ ಜಾವಳಿಯ ಗುರುವಯ್ಯ ಹಲಸಿನ ಮರದಲ್ಲಿ ದೈವದ ಮುಖವಾಡ ಕೆತ್ತುವವನು. ಗುಡಿಗಳಿಗೆ ಕೆತ್ತಿಕೊಡುತ್ತಲೇ ಮುದುಕನಾದ. ಮನೆಯಲ್ಲಿ ಕೆತ್ತಲಿ, ಬಣ್ಣ ಬಳಿಯಲಿ, ಕಣ್ಣು ಮಾತ್ರ ಅಲ್ಲಿ ಬರೆಯುವಂತಿಲ್ಲ. ಅದನ್ನು ಗುಡಿಯೊಳಗೆ, ಹಚ್ಚಿದ ದೀಪದ ಮುಂದೆಯೇ ಬರೆಯಬೇಕು. ಕಣ್ಣು ಬಂತೆಂದರೆ ದೈವ ಬಂದ ಹಾಗೆ. ಆಮೇಲೆ ದಿನವೂ ದೀಪ, ವರ್ಷಕ್ಕೊಮ್ಮೆ ಸೇವೆ ತಪ್ಪಿಸುವಂತಿಲ್ಲ. ಅಪ್ಪ ಕಲಿಸಿದ ಈ ಕಟ್ಟಳೆಯನ್ನು ಗುರುವಯ್ಯ ಒಮ್ಮೆಯೂ ಮೀರಿದವನಲ್ಲ.

2008ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯದಿಂದ ರಂಜನಾ ಎಂಬ ಹುಡುಗಿ ಕ್ಯಾಮೆರಾ ಹೊತ್ತು ಬಂದಳು. ಕಣ್ಣು ಬರೆಯದ ಒಂದು ಮುಖವಾಡವನ್ನು ಅವರು ಕೊಂಡಾಗಿತ್ತು. ಅದರ ವಿಡಿಯೋ ಮಾಡಿ ನೆಟ್‌ಗೆ ಹಾಕಿದರೆ ಜನ ಸಂಗ್ರಹಾಲಯದ ಕಡೆ ತಲೆ ಹಾಕುತ್ತಾರಂತೆ. ಮನೆಯಲ್ಲೇ ಕೂತು ನೋಡಿದವರು ಅಲ್ಲಿಗೆ ಯಾಕೆ ಬರಬೇಕೋ, ಅದು ದೊಡ್ಡವರ ಲೆಕ್ಕಾಚಾರ.

"ಅಜ್ಜ, ಕಣ್ಣು ಬರೆಯೋದೊಂದು ತೋರಿಸಿ. ಜನಕ್ಕೆ ಅದೇ ಇಷ್ಟ ಆಗೋದು," ಎಂದಳು.

"ಬರೀಬೇಡಿ," ಎಂದು ಹೆಂಡತಿ ಕೃಷ್ಣಮ್ಮ ಒಳಗಿನಿಂದಲೇ ಹೇಳಿದಳು. "ಅಲ್ಲಿ ದೀಪ ಇಡೋರ್ಯಾರು?"

ಗುರುವಯ್ಯನಿಗೂ ಅದು ಗೊತ್ತಿತ್ತು. ಆದರೆ ಮುಖವಾಡ ಒಯ್ದವರೆಲ್ಲ ದೈವಕ್ಕೆ ಕೈ ಮುಗಿದಿದ್ದರೇ ಹೊರತು ಇವನ ಕೈಯತ್ತ ಯಾರೂ ನೋಡಿರಲಿಲ್ಲ. ಈ ಹುಡುಗಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಮುದುಕ ಉಬ್ಬಿಹೋದ. ಕುಂಚ ಎತ್ತಿ ಎರಡು ಕಣ್ಣೂ ಬರೆದುಬಿಟ್ಟ. ಅವಳು ಮುಖವಾಡವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ಆ ಸಂಜೆ ಮನೆಯ ದೀಪ ಹಚ್ಚುವಾಗ ಅವನಿಗೆ ಆ ಮುಖವಾಡದ ನೆನಪಾಯಿತು. ಮಾರನೆಯ ದಿನ ಮೂಡಿಗೆರೆಯಿಂದ ರಂಜನಾಳಿಗೆ ಫೋನ್ ಮಾಡಿ, ದಿನಕ್ಕೊಂದು ದೀಪವಾದರೂ ಇಡಿ ಎಂದು ಬೇಡಿಕೊಂಡ.

"ಒಳಗೆ ಬೆಂಕಿ ತರೋ ಹಾಗಿಲ್ಲ ಅಜ್ಜ," ಎಂದಳು ರಂಜನಾ.

ಹಾಗಾದರೆ ವಾಪಸು ಕೊಡಿ ಎಂದ. ಸಂಗ್ರಹಕ್ಕೆ ಸೇರಿದ್ದನ್ನು ಕೊಡುವುದಿಲ್ಲವಂತೆ. ಅವಳದೇನು ತಪ್ಪು? ಕೇಳಿದವಳಿಗೆ ಗೊತ್ತಿರಲಿಲ್ಲ, ಬರೆದವನಿಗೆ ಗೊತ್ತಿತ್ತು. ಅದೇ ಅವನನ್ನು ತಿಂದುಹಾಕಿತು.

ಆಮೇಲೆ ಅವನು ಉಳಿ ಮುಟ್ಟಲಿಲ್ಲ. ಗುಡಿಯವರು ಕೇಳಿಕೊಂಡು ಬಂದರೆ, "ಒಂದನ್ನ ಉಪವಾಸ ಕೆಡವಿದೀನಿ. ಇನ್ನೊಂದಕ್ಕೆ ಯಾವ ಬಾಯಲ್ಲಿ ಹೂಂ ಅನ್ಲಿ?" ಎಂದು ಕಳಿಸಿಬಿಡುತ್ತಿದ್ದ.

ಸಂತೆಯ ದಿನ ಮಾತ್ರ ಮೂಡಿಗೆರೆಗೆ ಹೋಗಿ ಮುನವ್ವರನ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದ. ಮುನವ್ವರ್ ಕೇಳದೆಯೇ ಆ ವಿಡಿಯೋ ಹಾಕುತ್ತಿದ್ದ. ಅದು ನಿಂತು ನಿಂತು ಸಾಗುತ್ತಿತ್ತು. ತೆರೆಯ ಮೇಲಿನ ಗುರುವಯ್ಯ ಕುಂಚಕ್ಕೆ ಕಪ್ಪು ಅದ್ದಿ ಕೈ ಎತ್ತಿದ ಕೂಡಲೇ, ಇಲ್ಲಿ ಕೂತವನು, "ಅಲ್ಲಿಗೇ ನಿಲ್ಸು ಮಾರಾಯ," ಎನ್ನುತ್ತಿದ್ದ. ಇನ್ನೂ ಕಣ್ಣು ಬಾರದ ಆ ಮುಖವಾಡವನ್ನು ನೋಡುತ್ತಾ ಬಸ್ಸಿನ ಹೊತ್ತಿನವರೆಗೂ ಕೂತಿರುತ್ತಿದ್ದ.

ಒಂದು ಸಂತೆಯ ದಿನ ಮುನವ್ವರ್, ಮುದುಕನಿಗೆ ಸಮಾಧಾನವಾಗಲೆಂದು, "ತುಂಬಾ ಜನ ನೋಡಿದಾರೆ ಗುರುವಯ್ಯನೋರೆ, ಹೊರದೇಶದೋರೂ ನೋಡ್ತಾರೆ," ಎಂದ.

"ಅವ್ರೆಲ್ಲ ಎಲ್ಲಿಗೆ ನಿಲ್ಲಿಸ್ತಾರೆ?"

"ಯಾರು ನಿಲ್ಲಿಸ್ತಾರೆ? ಕೊನೇವರ್ಗೂ, ನೀವು ಎರಡು ಕಣ್ಣೂ ಬರೆಯೋವರ್ಗೂ ನೋಡ್ತಾರೆ."

ಗುರುವಯ್ಯ ಚೀಲ ಎತ್ತಿಕೊಂಡು ಎದ್ದ. ಮುಂದೆ ಯಾವ ಸಂತೆಗೂ ಅವನು ಆ ಕಡೆ ಬರಲಿಲ್ಲ.