ಹೆಬ್ಬೆಟ್ಟಿನ ಪರೀಕ್ಷೆ

ಉಂಗುರ ಮಾಡೋ ಕಂಪನಿಯ ಪರವಾಗಿ, ನಿಶ್ಚಿತಾರ್ಥದ ಉಂಗುರಗಳ ಹೊಸ ಮಾದರಿ ತೋರಿಸೋಕೆ ಶಿರಾದ ಒಂದು ಒಡವೆ ಅಂಗಡಿಗೆ ಹೋಗಿದ್ದೆ. ಈಗ ಎಲ್ಲರೂ ಕೇಳೋದು ಒಂಟಿ ಕಲ್ಲಿನದು. ನಾಲ್ಕು ಮುಳ್ಳಿನ ಮೇಲೆ ಕಲ್ಲು ಎತ್ತರಕ್ಕೆ ಕೂತಿರಬೇಕು, ಫೋಟೋದಲ್ಲಿ ಎದ್ದು ಕಾಣಬೇಕು.

ಹುಲಿಕುಂಟೆ ಕಡೆಯ ಹುಡುಗಿಯೊಬ್ಬಳು, ಮದುವೆಯಾಗೋ ಹುಡುಗ ಮತ್ತು ಅವನ ತಾಯಿಯ ಜೊತೆ ಬಂದಳು. ಅದನ್ನೇ ಕೊಟ್ಟೆ. ಹಾಕಿಕೊಂಡವಳು ಕನ್ನಡಿ ಕಡೆ ನೋಡದೆ ಹುಡುಗನಿಗೆ, “ಎಲ್ಲಿ, ಹೆಬ್ಬೆಟ್ಟು ಕೊಡಿ” ಅಂದಳು. ಅವನು ನಾಚಿಕೊಂಡೇ ಕೊಟ್ಟ. ಮುಷ್ಟಿಯಲ್ಲಿ ಹಿಡಿದು ಹಾಲು ಕರೆಯೋ ಹಾಗೆ ಎರಡು ಸಲ ಜಗ್ಗಿದಳು. ಕಲ್ಲಿನ ಭಾರಕ್ಕೆ ಉಂಗುರ ಅಂಗೈ ಕಡೆ ತಿರುಗಿ ಮುಳ್ಳು ಚುಚ್ಚಿತು.

“ಅಯ್ಯಪ್ಪಾ!” ಅಂತ ಅವನು ಕೈ ಕಿತ್ತುಕೊಂಡ.

“ನೀವೇ ಇಂಗಂದ್ರೆ ನಮ್ಮ ಹಸ ಸುಮ್ನೆ ಬುಡ್ತದಾ?”

“ಕರೆಯೋವಾಗ ಬಿಚ್ಚಿಕ್ಕಮ್ಮ” ಅಂದರು ಅವನ ತಾಯಿ. “ನಾಲ್ಕು ಜನ ನೆಂಟ್ರು ನೋಡ್ತಾರೆ, ಎದ್ದು ಕಾಣೋದೇ ಇರ್ಲಿ.”

“ಬಿಚ್ಚಿಕ್ಕಿದ್ರೆ ಒಂದಿನ ಬೂಸದ ಜೊತೆ ಅದೇ ತಿಂದ್ಬುಡ್ತದೆ ಕಣತ್ತೆ.”

ನನಗೂ ಕುತೂಹಲ ಹುಟ್ಟಿತು. ಟ್ರೇಯ ತಳದಲ್ಲಿ, ಯಾರೂ ಕೇಳದ ಒಂದು ಉಂಗುರ ಬಿದ್ದಿತ್ತು; ತೆಗೆದುಕೊಟ್ಟೆ. ಅದರ ಕಲ್ಲು ಪಟ್ಟಿಯೊಳಗೇ ಹುದುಗಿ ಕೂತಿತ್ತು, ಸವರಿದರೆ ನುಣ್ಣಗೆ. ಅವಳು ಹಾಕಿಕೊಂಡು ಮತ್ತೆ ಹೆಬ್ಬೆಟ್ಟು ಹಿಡಿದಳು. ಈ ಸಲ ಅಂಗಡಿಯವರೆಲ್ಲ ಹುಡುಗನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದ್ದ ಅವನು ಮೆಲ್ಲಗೆ ಒಂದು ಕಣ್ಣು ಬಿಟ್ಟು, “ಏನೂ ಆಗ್ಲಿಲ್ಲ” ಅಂದ.

“ಇದೇ ಕೊಡಿ ಅಣ್ಣ” ಅಂದಳು.

ಅಲ್ಲಿಂದೀಚೆಗೆ ಮಧುಗಿರಿ, ಪಾವಗಡದ ಅಂಗಡಿಗಳಲ್ಲೂ ಆ ಮಾದರಿಯನ್ನೇ ಮುಂದಿಡ್ತಿದ್ದೀನಿ. ಎಲ್ಲಿಯ ಫ್ಯಾಷನ್ ಅಂತ ಕೇಳಿದವರಿಗೆ ಬೆಂಗಳೂರಿನದು ಅಂತೀನಿ. ಆದರೆ ಹೊಸ ಡಿಸೈನ್ ಕೈಗೆ ಬಂದಾಗಲೆಲ್ಲ, ಯಾರೂ ನೋಡದಾಗ ಅದನ್ನು ಹಾಕಿಕೊಂಡು ನನ್ನ ಹೆಬ್ಬೆಟ್ಟನ್ನೇ ಒಂದು ಸಲ ಕರೆದು ನೋಡ್ತೀನಿ. ಇನ್ನೂ ಹಾಲು ಬಂದಿಲ್ಲ.