ಚೆಲುವಿಯ ದಾರಿಯಲ್ಲಿ ಇಟ್ಟ ಮಂಚ

ಚೆಲುವಿಯ ಮೊಣಕಾಲು ಸೀಳಿದ್ದು ನನ್ನಿಂದ, ಶಿವಪ್ಪನಿಂದ ಅಲ್ಲ. ನಿಮ್ಮ ತಾತ ಕೊನೆಯವರೆಗೂ ಅವನದೇ ತಪ್ಪೆಂದು ನಂಬಿದ್ದರು. ನೀವೂ ಅದನ್ನೇ ಕೇಳಿ ಬೆಳೆದಿರಿ — ನಾನು ಬಾಯಿ ಬಿಡಲಿಲ್ಲ. ಮಕ್ಕಳೇ, ಎದುರು ಕೂತು ಹೇಳುವ ಧೈರ್ಯ ನಿಮ್ಮ ಅಜ್ಜಿಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚೆಲುವಿ ಮದುವೆ ಮೆರವಣಿಗೆಗೆ ಹೋಗುತ್ತಿದ್ದ ನಮ್ಮ ಬಿಳಿ ಕುದುರೆ. ಕಣ್ಣಿಗೆ ಮತ್ತೆ ಮತ್ತೆ ಉರಿ ಬಂದು, ಪೊರೆ ಕಟ್ಟಿ, ಎರಡೂ ಕಣ್ಣು ಹೋದವು. ಮಾರಿಬಿಡು ಎಂದು ಎಷ್ಟೋ ಜನ ಹೇಳಿದರೂ ತಾತ ಮಾರಲಿಲ್ಲ. ದೊಡ್ಡನೆಕ್ಕುಂದಿಯ ನಮ್ಮ ಅಂಗಳವನ್ನೇ ಅವಳಿಗಾಗಿ ತಿದ್ದಿದರು. ಗೋಡೆಯ ಮೂಲೆಗಳಿಗೆ ಹಳೇ ಟೈರು ಕಟ್ಟಿದರು, ಮೊಳೆಗಳನ್ನೆಲ್ಲ ಕಿತ್ತರು. ನೀರಿನ ತೊಟ್ಟಿಯ ಸುತ್ತ ಮರಳು ಹಾಸಿದರು — ಕಾಲಿಗೆ ಮರಳು ಸಿಕ್ಕರೆ ತೊಟ್ಟಿ ಬಂತೆಂದು ಅವಳಿಗೆ ತಿಳಿಯಲಿ ಎಂದು. ಮಾತಾಡಿಸದೆ ಅವಳನ್ನು ಮುಟ್ಟಬಾರದು. ಕೊಟ್ಟಿಗೆಯಿಂದ ತೊಟ್ಟಿಯವರೆಗಿನ ದಾರಿಯಲ್ಲಿ ಒಂದು ಚೊಂಬೂ ಇರಬಾರದು.

ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶಿವಪ್ಪ ಗದಗದ ಕಡೆಯವನು, ಲೇತ್ ಕೆಲಸದವನು. ಶಿಫ್ಟಿಗೆ ಮುಂಚೆ ದಿನವೂ ಅವಳ ಮೈ ಉಜ್ಜುತ್ತಿದ್ದ. "ಏನವ್ವಾ ಚೆಲುವಿ, ನಿದ್ದಿ ಆತೇನು?"

"ಊರಲ್ಲಿರೋ ಹೆಂಡ್ತೀನ ಇಂಗೆ ಒಂದಿನಾನಾದ್ರೂ ಕೇಳಿದ್ದೀಯೇನಯ್ಯಾ?" ಎಂದು ತಾತ ನಗುತ್ತಿದ್ದರು.

ಆ ವರ್ಷ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದು ನಮ್ಮ ಅಂಗಳಕ್ಕೆ ನೆರಳು ಕವಿಯಿತು. ಸಂಡಿಗೆ ಇಟ್ಟಿದ್ದ ಮಂಚಕ್ಕೆ ಬಿಸಿಲಿಲ್ಲ. ಬಿಸಿಲು ಉಳಿದಿದ್ದದ್ದು ಚೆಲುವಿಯ ದಾರಿಯಲ್ಲಿ ಮಾತ್ರ. ಮಂಚವನ್ನು ಅಲ್ಲಿಗೆ ಸರಿಸಲು ಒಂದು ಕಡೆ ಹಿಡಿ ಎಂದು ನಾನೇ ಶಿವಪ್ಪನನ್ನು ಕರೆದೆ.

"ಅವ್ವಾರ, ಕುದುರಿ ಬರೋ ದಾರಿ ಐತ್ರೀ ಇದು."

"ಒಂದ್ಗಳಿಗೆ ಕಣಪ್ಪ, ಎತ್ಬಿಡ್ತೀನಿ."

ಎತ್ತಲಿಲ್ಲ. ಒಲೆಯ ಮೇಲೆ ಸಾರು ಇತ್ತು, ಆಮೇಲೆ — ಏನೋ, ಮರೆತೆ. ಬಿದ್ದ ಸದ್ದಿಗೆ ಓಡಿ ಬಂದೆ. ಮಂಚ ಮುರಿದಿತ್ತು, ಚೆಲುವಿ ಏಳಲು ಹೆಣಗುತ್ತಿದ್ದಳು, ಮೊಣಕಾಲಿಂದ ರಕ್ತ. ತಾತ ಅವಳ ಕತ್ತು ಹಿಡಿದು ಕೂಗಿದರು, "ಯಾರು ಈ ಮಂಚ ಇಲ್ಲಿಟ್ಟಿದ್ದು?"

ಶಿವಪ್ಪ ನನ್ನ ಮುಖ ನೋಡಿದ. ನಾನು ಸೆರಗಿನ ತುದಿ ನೋಡಿದೆ. ಅಷ್ಟು ಹೊತ್ತು ಅವನು ಕಾದ — ಕಾದನೆಂದು ನನಗೆ ಗೊತ್ತು.

"ನಾನ್ರೀ ಯಜಮಾನ್ರ. ತಪ್ಪಾತು."

"ಇನ್ಮೇಲೆ ಅವಳ ಹತ್ರ ಸುಳೀಬೇಡ."

ಗಾಯ ಮಾಯಿತು. ಮೈ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಹೆದರಿದೆ, ಆಮೇಲೆ ಅವಳು ನನ್ನ ಭುಜಕ್ಕೆ ಗಲ್ಲ ಊರಿ ನಿಲ್ಲುವುದನ್ನು ಕಲಿತಳು. ನಿಜ ಹೇಳುತ್ತೇನೆ, ನನ್ನ ಬದುಕಿನ ಒಳ್ಳೆಯ ಬೆಳಗುಗಳು ಅವೇ. ಮತ್ತೆಂದೂ ಅವಳಿಗೆ ಒಂದು ತರಚುಗಾಯವೂ ಆಗದಂತೆ ಕಾದೆವು. ವಯಸ್ಸಾಗಿ, ನೆಮ್ಮದಿಯಾಗಿ ಸತ್ತಳು. ಈಗಲೂ ನೆನೆದರೆ ಮನಸ್ಸು ತುಂಬುತ್ತದೆ — ಆದರೆ ಆ ಬೆಳಗುಗಳು ಶಿವಪ್ಪನವು. ಬುತ್ತಿ ಹಿಡಿದು ಅವನು ಗೇಟು ದಾಟುವಾಗ ಚಪ್ಪಲಿಯ ಸದ್ದಿಗೆ ಚೆಲುವಿ ಕಿವಿ ತಿರುಗಿಸುತ್ತಿದ್ದಳು. ಅವನು ನಿಲ್ಲದೆ ಹೋಗುತ್ತಿದ್ದ. ನಾನು ಉಜ್ಜುತ್ತಲೇ ಇದ್ದೆ.

ಈಗ ಅವನು ಪೀಣ್ಯದಲ್ಲಿ ಸಂಸಾರ ಹೂಡಿದ್ದಾನೆ. ಬಂದಾಗಲೆಲ್ಲ ನೀವು "ಮಂಚದ ಮಾವ" ಎಂದು ರೇಗಿಸುತ್ತೀರಿ, ಅವನೂ ನಗುತ್ತಾನೆ. ಇನ್ನು ಆ ಹೆಸರು ಬೇಡ. ಈ ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೇನೆ. ಊಟಕ್ಕೆ ಮುಂಚೆಯೇ ಇದನ್ನು ಅವನೆದುರು ಜೋರಾಗಿ ಓದಿ. ಓದಿ ಮುಗಿಯುವವರೆಗೂ ನಾನು ಅಲ್ಲೇ ಕೂತಿರುತ್ತೇನೆ.