ನೇಕಾರನ ಎಡ, ಫಿಟ್ಟರನ ಬಲ

ಹೋದ ವಾರ ನನ್ನ ಹೊಲಿಗೆ ಅಂಗಡಿಗೆ ಬಟ್ಟೆ ಕತ್ತರಿಸುವ ಮೇಜು ಮಾಡಿಸಿದೆ. ಕಲ್ಯಾಣದುರ್ಗದ ನಮ್ಮ ಬೀದಿಯ ಬಡಗಿ ಅದನ್ನು ಅಂಗಡಿಯಲ್ಲೇ ಜೋಡಿಸಿ, ಕೊನೆಗೆ ಒಂದು ಚಿಂದಿಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಹಲಗೆಗೆಲ್ಲ ಉಜ್ಜಿದ. ಆತ ಹೋದ ಮೇಲೂ ಆ ವಾಸನೆ ಹೋಗಲಿಲ್ಲ. ಆಗತಾನೆ ಉಜ್ಜಿದ ಮರ, ಎಣ್ಣೆ… ನಾನು ಮಿಷನ್ ನಿಲ್ಲಿಸಿ ಸುಮ್ಮನೆ ಕೂತೆ. ತವರೂರು ಹಿಂದೂಪುರದ ಎದುರುಮನೆ ಮಾಮನ ಶೆಡ್ಡಿನೊಳಗೆ ಹೋಗಿ ನಿಂತ ಹಾಗಾಯಿತು. ಮಾಮ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಮಾಮ ಅಂದರೆ ರಕ್ತಸಂಬಂಧವೇನಲ್ಲ. ನಮ್ಮದು ನೇಕಾರರ ಬೀದಿ, ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಲೇಬೇಕು. ಅಪ್ಪ ಅವರನ್ನು ಬಾವ ಅನ್ನುತ್ತಿದ್ದರು, ಅವರೂ ಅಪ್ಪನನ್ನು ಬಾವ ಅನ್ನುತ್ತಿದ್ದರು. ಅಪ್ಪನದು ಪವರ್‌ಲೂಮ್ ಮಗ್ಗ. ಮಾಮ ಮಗ್ಗ ರಿಪೇರಿ ಮಾಡುವ ಫಿಟ್ಟರ್. ಅವರಿಗೂ ಹಿಂದೆ ಸ್ವಂತ ಮಗ್ಗಗಳಿದ್ದವು. ಅವನ್ನು ಮಾರಿದ ಮೇಲೆ ಮನೆ ಹಿಂದಿನ ಉದ್ದನೆಯ ಶೆಡ್ ಖಾಲಿ ಬಿತ್ತು. ಗೋಡೌನಿಗೆ ಕೊಡಿ ಎಂದು ಎಷ್ಟೋ ಜನ ಕೇಳಿದರು. ಮಾಮ ಯಾರಿಗೂ ಕೊಡದೆ, ಆ ತುದಿಯ ಗೋಡೆಗೆ ಗುರಿಯ ಕಾಗದ ಅಂಟಿಸಿ, ಈ ತುದಿಯಲ್ಲಿ ಒಂದು ಬೆಂಚು ಹಾಕಿದರು. ಹರೆಯದಲ್ಲಿ ಎನ್‌ಸಿಸಿಯಲ್ಲಿ ಹತ್ತಿದ ಹುಚ್ಚು, ಅರವತ್ತರ ಹತ್ತಿರ ಬಂದಾಗ ಮತ್ತೆ ಕೆರಳಿತ್ತು. ಅವರ ಹತ್ತಿರ ಇದ್ದದ್ದು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ಲು. ಕಡಲೆಕಾಳಿಗಿಂತ ಚಿಕ್ಕ ಸೀಸದ ಗುಂಡು ಹೋಗಿ ಕಾಗದಕ್ಕೆ ತೂತು ಮಾಡುತ್ತದೆ, ಅಷ್ಟೇ. ಅದರ ಸ್ಪ್ರಿಂಗೂ ಸೋತಿತ್ತು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಕರಿಬೇವು ಕೇಳಲು ಹೋದವಳನ್ನು ಮಾಮ ಕರೆದು, ಒಂದು ಗುಂಡು ಹೊಡೆದು ನೋಡು ಅಂದರು. ಬಲ ಭುಜಕ್ಕಿಟ್ಟು ಹೊಡೆದೆ. ಗುಂಡು ಕಾಗದಕ್ಕಿರಲಿ, ಗೋಡೆಗೂ ಸರಿಯಾಗಿ ತಗಲಲಿಲ್ಲ. ಎರಡೂ ಕಣ್ಣು ಬಿಟ್ಟು ಗಡಿಯಾರದ ಕಡೆ ಬೆರಳು ತೋರಿಸು, ಈಗ ಒಂದೊಂದೇ ಕಣ್ಣು ಮುಚ್ಚು ಅಂದರು. ಬಲಗಣ್ಣು ಮುಚ್ಚಿದರೆ ಬೆರಳು ಗಡಿಯಾರದ ಮೇಲೇ ಇತ್ತು. ಎಡಗಣ್ಣು ಮುಚ್ಚಿದರೆ ಬೆರಳು ಕ್ಯಾಲೆಂಡರಿನ ಕಡೆ ಹಾರಿತು.

"ನಿಂದು ಎಡಗಣ್ಣು ಕಣಮ್ಮಣ್ಣಿ," ಅಂದರು ಮಾಮ. ರೈಫಲ್ಲನ್ನು ಎತ್ತಿ ನನ್ನ ಎಡ ಭುಜಕ್ಕೆ ತಂದಿಟ್ಟರು.

ನಾನು ಹುಟ್ಟು ಎಡಗೈಯವಳು. ತೆಲುಗಿನವರು ಪುರ್ರಚೆಯ್ಯಿ ಪಿಲ್ಲ ಎಂದು ರೇಗಿಸುತ್ತಿದ್ದರು. ಎಡಗೈ ಬಾಯಿಗೆ ಹೋಗಬಾರದೆಂದು ಅಮ್ಮ ಅದಕ್ಕೆ ಬೇವಿನೆಣ್ಣೆ ಸವರುತ್ತಿದ್ದಳು. ಊಟದ ಕೈ ಬದಲಾಯಿತು, ಬರೆಯುವ ಕೈ ಬದಲಾಯಿತು. ನನ್ನ ಕೈ ಇದ್ದ ಕಡೆಗೇ ಒಂದು ವಸ್ತುವನ್ನು ತಂದು ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಕಾಲೇಜಿನಿಂದ ಅನಂತಪುರದ ಶೂಟಿಂಗ್ ಸೆಲೆಕ್ಷನ್ನಿಗೆ ನನ್ನ ಹೆಸರು ಹೋಯಿತು. ಅಲ್ಲಿಗೆ ಅವರವರ ರೈಫಲ್ ಅವರೇ ತರಬೇಕು. ಮಾಮನದನ್ನು ಒಯ್ಯುವ ಹಾಗಿರಲಿಲ್ಲ. ಅಪ್ಪನೇ ಕೊಡಿಸುತ್ತೇನೆ ಅಂದರು, ಬೆಂಗಳೂರಿಗೆ ಹೋಗಿ ಅಂಗಡಿ ನೋಡಿಕೊಂಡೂ ಬಂದರು. ಹೊಸದು, ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ಪೆಟ್ಟಿಗೆ ತೆಗೆದು ಹೊಡೆಯುವುದೇ ಅಂದರು. ಆದರೆ ಅದು ಬಲಗೈಯವರಿಗೆ ಮಾಡಿದ್ದು. ಎಡಗೈಯದು ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೋ ಅಂಗಡಿಯವರೂ ಹೇಳಲಾರರು. ಮಾಮನಿಗೆ ಇನ್ನೊಂದು ಗೊತ್ತಿತ್ತು. ಕಲ್ಯಾಣದುರ್ಗದಲ್ಲಿ ಒಬ್ಬರ ಮನೆಯಲ್ಲಿ ಒಳ್ಳೆಯ ರೈಫಲ್ ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ, ಅದೂ ಬಲಗೈಯದೇ, ಆದರೆ ಹಿಂಬದಿ ಪೂರ್ತಿ ಮರದ್ದು. ಮರ ಕೆತ್ತಿ, ಮರ ಸೇರಿಸಿ ಎಡಗೈಗೆ ಒಗ್ಗಿಸಬಹುದು.

ನಮ್ಮ ಜಗುಲಿಯ ಮೇಲೆ ಆ ಸಂಜೆ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ರೆಡಿಮೇಡ್ ಐತೆ, ಹೊಸದೈತೆ," ಅಂದರು ಅಪ್ಪ. "ಬಲಗೈಲಿ ಕಲ್ತ್ಕಂತಾಳೆ ಬಿಡು ಬಾವ. ಉಣ್ಣೋದು ಕಲೀಲಿಲ್ವಾ, ಬರೆಯೋದು ಕಲೀಲಿಲ್ವಾ?"

"ಕೈ ಬದಲಾಯ್ಸಿದ್ರಿ. ಕಣ್ಣು ಎಂಗ್ ಬದಲಾಯ್ಸ್ತೀಯಾ?"

"ಮಗ್ಗಕ್ಕೆ ನೇಕಾರ ಒಗ್ಗಬೇಕು ಕಣಪ್ಪ, ನೇಕಾರನಿಗೆ ಮಗ್ಗ ಒಗ್ತದಾ?"

"ಅಂಗಾದ್ರೆ ಇಷ್ಟು ವರ್ಷ ಸ್ಪ್ಯಾನರ್ ಹಿಡ್ಕಂಡು ನಿನ್ನ ಮಗ್ಗದ ಕೆಳಗೆ ನಾನು ಮಲಗಿದ್ದು ನಿದ್ದೆ ಮಾಡಾಕಾ?"

ಒಳಗಿದ್ದ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಅವರು ಗಡಸು ಮನುಷ್ಯರಲ್ಲ. ನಾಳೆ ಇನ್ನೊಂದು ಮನೆಗೆ ಹೋಗುವವಳು, ಎಡಗೈ ಎದ್ದು ಕಂಡರೆ ಯಾರಾದರೂ ಒಂದು ಮಾತು ಅಂದಾರು ಅನ್ನುವುದು ಅವರ ಹೆದರಿಕೆ. ಕೊನೆಗೆ ಅಂದರು: "ಸರೇಲೇ. ಸೆಲೆಕ್ಷನ್ ಮುಂಚಿನ ಭಾನುವಾರಕ್ಕೆ ನಿನ್ನ ಹಳೇದು ಇವಳ ಭುಜಕ್ಕೆ ಕೂತ್ರೆ ಅದೇ ಇರ್ಲಿ. ಕೂರ್ಲಿಲ್ಲ ಅಂದ್ರೆ ಅವತ್ತೇ ಸಂಜೆ ಬಸ್ಸಿಗೆ ಬೆಂಗಳೂರಿಗೆ ಹೋಯ್ತೀನಿ, ರೆಡಿಮೇಡ್ ತತ್ತೀನಿ. ಆಮೇಲೆ ಬಲಗೈನೇ."

ಮಾಮ ಒಪ್ಪಿದರು. ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಸೆಲೆಕ್ಷನ್ ಹೋದರೆ ಹೋಗಲಿ, ಎಡ ಭುಜ ಹೋಗುತ್ತದಲ್ಲ ಅನ್ನಿಸಿತ್ತು.

ನಾನು, ಮಾಮ ಇಬ್ಬರೇ ಮಡಕಶಿರ, ಪಾವಗಡದ ಮೇಲೆ ಬಸ್ಸು ಬದಲಾಯಿಸುತ್ತ ಕಲ್ಯಾಣದುರ್ಗಕ್ಕೆ ಬಂದೆವು. ಅದೇ ನನ್ನ ಬಾಳಿನ ಊರಾಗುತ್ತದೆಂದು ಆಗ ಏನು ಗೊತ್ತು… ಆ ಮನೆಯ ಯಜಮಾನರು ಅಟ್ಟದಿಂದ ರೈಫಲ್ ಇಳಿಸಿ, ಧೂಳು ಒರೆಸಿ ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದರು. ಮಾಮ ಅದನ್ನು ಮಾಮಿಯ ಹಳೆಯ ಸೀರೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಕಂಡಕ್ಟರ್ ಏನದು ಎಂದು ಕೇಳಿದ.

"ಮಗ್ಗದ ಸಾಮಾನು ಕಣಪ್ಪ. ಅರ್ಧ ಟಿಕೆಟ್ ಕೊಡ್ತೀಯಾ ಇದಕ್ಕೆ?"

ಅವನು ಸೀರೆಯ ಅಂಚು ನೋಡಿ, "ಮಗ್ಗದ್ದೇ ಬಿಡಿ," ಎಂದು ಮುಂದೆ ಹೋದ.

ಕೆಲಸ ಶುರುವಾಯಿತು. ಕಾಲೇಜು ಬಿಟ್ಟ ಕೂಡಲೇ ನಾನು ಶೆಡ್ಡಿಗೆ ಹೋಗುತ್ತಿದ್ದೆ. ಮಾಮ ಹೆಬ್ಬೆರಳು ಕೂರುವ ಜಾಗ ಕೆತ್ತುವರು, ನನ್ನ ಕೈಗೆ ಕೊಡುವರು, ಮತ್ತೆ ತೆಗೆದುಕೊಂಡು ಉಪ್ಪುಕಾಗದ ಉಜ್ಜುವರು. ಮಾಮಿ ಬಾಗಿಲಲ್ಲಿ ನಿಂತು, "ನಮ್ಮ ಮನೆ ಮಣೆಗೆ ಒಂದು ಕಾಲು ಹಾಕ್ಕೊಡಿ ಅಂದ್ರೆ ಮೂರು ವರ್ಷ ಆಯ್ತು," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೋಗುವರು. ಕೊನೆಗೆ ಉಳಿದದ್ದು ಕೆನ್ನೆ ಊರುವ ಕಡೆ. ಗುರಿ ಹಿಡಿದಾಗ ಕೆನ್ನೆ ಮರಕ್ಕೆ ಒರಗಬೇಕು, ಆಗಲೇ ಕಣ್ಣು ನೇರಕ್ಕೆ ಬರುವುದು. ಅಲ್ಲಿಗೆ ಒಂದು ಮರದ ಪಟ್ಟಿ ಸೇರಿಸಿ ಉಬ್ಬಿಸಬೇಕಿತ್ತು.

ಇಲ್ಲಿ ನಮ್ಮ ಬೀದಿಯ ಒಂದು ಅಭ್ಯಾಸ ಹೇಳಬೇಕು. ಮಗ್ಗದ ಮುಂದೆ ನೇಕಾರ ನಿಲ್ಲುತ್ತಾನೆ, ಹಿಂದೆ ಫಿಟ್ಟರ್ ಕೂರುತ್ತಾನೆ. ನೇಕಾರನ ಎಡ ಫಿಟ್ಟರಿಗೆ ಬಲ. ಎಡಗಡೆ ಸದ್ದು ಬರ್ತಿದೆ ಎಂದು ಅಪ್ಪ ಅಂದರೆ ಮಾಮನ ಕೈ ಯೋಚನೆಯೇ ಇಲ್ಲದೆ ತನ್ನ ಬಲಕ್ಕೆ ಹೋಗುತ್ತಿತ್ತು. ಪಟ್ಟಿಗೆ ಗುರುತು ಹಾಕುವ ದಿನ ನಾನು ಗುಂಡು ತುಂಬದ ರೈಫಲ್ ಎಡ ಭುಜಕ್ಕಿಟ್ಟು ಗುರಿ ಹಿಡಿದು ನಿಂತಿದ್ದೆ. ಮಾಮ ಪೆನ್ಸಿಲ್ ಹಿಡಿದು ಎದುರಿಗೆ ನಿಂತಿದ್ದರು. ಪಟ್ಟಿ ಯಾವ ಕಡೆಗಮ್ಮ ಎಂದು ಕೇಳಿದರು. ನನ್ನ ಕೆನ್ನೆ ಇದ್ದದ್ದು ಮರದ ಬಲಮಗ್ಗುಲಿಗೆ. ಎದುರಿಗಿರುವ ಮಾಮನಿಗೆ ಅದು ಎಡ ಅಲ್ಲವೇ, ನೇಕಾರರ ಮನೆಯ ಹುಡುಗಿಗೆ ಅಷ್ಟೂ ತಿಳಿಯದೇ ಎಂದು ನಾನು, "ಎಡಕ್ಕೆ ಮಾಮ," ಅಂದೆ. ಅವರು ಗುರುತು ಹಾಕಿಕೊಂಡರು.

ಭಾನುವಾರ ಬೆಳಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಶೆಡ್ಡಿಗೆ ಬಂದರು. ಪಟ್ಟಿ ಅಂಟಿಸಿ, ಅಗಸೆ ಎಣ್ಣೆ ಕುಡಿಸಿದ ಮರ ಹೊಳೆಯುತ್ತಿತ್ತು. ನಾನು ಭುಜಕ್ಕಿಟ್ಟು ಕೆನ್ನೆ ಊರಲು ಹೋದೆ. ಕೆನ್ನೆಗೆ ಬರೀ ಚಪ್ಪಟೆ ಮರ ಸಿಕ್ಕಿತು. ಉಬ್ಬಿದ ಪಟ್ಟಿ ಆ ಮಗ್ಗುಲಲ್ಲಿ, ನನ್ನ ಕೆನ್ನೆ ಈ ಮಗ್ಗುಲಲ್ಲಿ.

"ಎಡಕ್ಕೆ ಅಂದ್ಯಲ್ಲಮ್ಮ," ಅಂದರು ಮಾಮ. "ನಿನ್ನ ಎಡ ಅಂತ ನಾನು ತಿರುಗಿಸ್ಕಂಡೆ."

"ನಿಮ್ಮ ಎಡ ಅಂತ ನಾನೇ ತಿರುಗಿಸಿ ಹೇಳಿದ್ದೆ ಮಾಮ."

ಬಾಗಿಲಲ್ಲಿದ್ದ ಮಾಮಿಯೇ ಮೊದಲು ನಕ್ಕದ್ದು. ಒಬ್ಬರಿಗಿಂತ ಒಬ್ಬರು ಕಡಿಮೆ ಇಲ್ಲ ಎಂದು ತೆಲುಗಿನಲ್ಲಿ ಅಂದು, "ಬಲಗೈ ಬಂದೂಕನ ಇನ್ನೂ ಬಲಗೈ ಮಾಡ್ಬುಟ್ರಲ್ಲ," ಅಂದರು.

ಅಪ್ಪ ವಾಚು ನೋಡಿಕೊಂಡರು. "ಸಂಜೆ ಬಸ್ಸಿಗೆ ಹೋಯ್ತೀನಿ ಬಾವ."

"ಸಂಜೆವರ್ಗೂ ಟೈಮೈತಲ್ಲ," ಅಂದರು ಮಾಮ. ಅಷ್ಟೇ ಅಂದದ್ದು. ಉಳಿ ತೆಗೆದರು.

ಅಂಟು ಗಟ್ಟಿ ಕಚ್ಚಿತ್ತು. ಜೋರಾಗಿ ಎಬ್ಬಿಸಿದರೆ ಮರವೇ ಸೀಳುವ ಭಯ, ಮೆಲ್ಲಗೆ ಹೊಡೆದರೆ ರೈಫಲ್ ಜಾರುತ್ತಿತ್ತು. ನಾನು ಹಿಡಿದರೂ ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಅಪ್ಪ ಒಂದೆರಡು ಸಲ ಕೆಮ್ಮಿದರು. ಆಮೇಲೆ ಎದ್ದರು. ಷರಟು ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲಿ ನೆಲಕ್ಕೆ ಕೂತು, ರೈಫಲ್ಲಿನ ಹಿಂಬದಿಯನ್ನು ಎರಡು ಮೊಣಕಾಲ ನಡುವೆ ಇಕ್ಕಿ ಹಿಡಿದರು.

"ಹೊಡಿ. ನೋಡ್ಕಂಡು ಹೊಡಿ, ನನ್ನ ಮೊಣಕಾಲಿಗಲ್ಲ."

ಪಟ್ಟಿ ಬಂತು. ಆ ಮಗ್ಗುಲಲ್ಲಿ ಅಂಗೈಯಷ್ಟು ಗಾಯ ಉಳಿಯಿತು. ಮತ್ತೆ ಅಂಟು ಹಾಕಿದರೆ ಒಣಗಲು ಸಮಯವಿಲ್ಲ. ಮಾಮ ಮಗ್ಗದ ಹಳೆಯ ಬೋಲ್ಟುಗಳನ್ನು ಹುಡುಕಿ ತಂದು, ಪಟ್ಟಿಯನ್ನು ಈ ಮಗ್ಗುಲಿಗೆ ಬಿಗಿದು, ಮೇಲೆ ಮಗ್ಗಕ್ಕೆ ಹಾಕುವ ಚರ್ಮದ ತುಂಡೊಂದನ್ನು ಹೊದಿಸಿದರು. ಈ ಸಲ ಎಡ ಬಲ ಅನ್ನುವ ಮಾತನ್ನು ಯಾರೂ ಆಡಲಿಲ್ಲ. ಅಪ್ಪ ನನ್ನ ಕೆನ್ನೆಯನ್ನು ಮುಟ್ಟಿ, ಮರವನ್ನು ಮುಟ್ಟಿ, "ಇಲ್ಲಿ" ಅಂದರು. ಮಧ್ಯದಲ್ಲಿ ಮಾಮಿ ಮೂವರಿಗೂ ಅಲ್ಲಿಗೇ ಮುದ್ದೆ ತಂದುಕೊಟ್ಟರು. ಕೈತುಂಬ ಎಣ್ಣೆ, ಕೂದಲಲ್ಲಿ ಮರದ ಹುಡಿ… ಅಷ್ಟು ರುಚಿಯಾದ ಊಟ ನಾನು ಆಮೇಲೆ ಉಂಡ ನೆನಪಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆನ್ನೆ ಊರಿದೆ. ಕಣ್ಣು ತಾನಾಗಿ ನೇರಕ್ಕೆ ಬಂತು. ಉಸಿರು ಹಿಡಿದು ಹೊಡೆದೆ, ಮತ್ತೆ ಹೊಡೆದೆ. ಅಪ್ಪ ಆ ತುದಿಗೆ ಹೋಗಿ ಕಾಗದ ಕಿತ್ತು ತಂದು ಬೆಳಕಿಗೆ ಹಿಡಿದರು. "ಇಷ್ಟು ಹೊಡೆದಳು, ಇದೇನು ತೂತು ಇಷ್ಟೇ ಐತೆ?"

"ಒಂದರ ಮೇಲೊಂದು ಬಿದ್ದೈತೆ ಬಾವ. ಅದಕ್ಕೇ ಕಮ್ಮಿ ಕಾಣ್ತೈತೆ."

ಅಪ್ಪ ಕಾಗದವನ್ನು ಮತ್ತೊಮ್ಮೆ ನೋಡಿದರು. "ಬಸ್ಸು ಹೋಗಿರ್ತದೆ ಬಿಡು," ಅಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಅನಂತಪುರದಲ್ಲಿ ನಾನು ಆಯ್ಕೆಯಾದೆ. ಅದರ ಮುಂದಿನದರಲ್ಲಿ ಆಗಲಿಲ್ಲ. ಪದಕ ಯಾವುದೂ ನನ್ನ ಹತ್ತಿರ ಇಲ್ಲ, ಅದರ ಕೊರಗೂ ಇಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ರೈಫಲ್ ಮಾಮನ ಶೆಡ್ಡಿನಲ್ಲೇ ಉಳಿಯಿತು. ಬೋಲ್ಟು ಬಿಚ್ಚಿ ಪಟ್ಟಿಯನ್ನು ಯಾವ ಮಗ್ಗುಲಿಗೆ ಬೇಕಾದರೂ ಬಿಗಿಯಬಹುದಾದ್ದರಿಂದ ಎರಡೂ ಕೈಯವರು ಅದರಲ್ಲಿ ಕಲಿತರು. ನಾನು ಬಟ್ಟೆಯನ್ನು ಎಡಗೈಯಲ್ಲೇ ಕತ್ತರಿಸುತ್ತೇನೆ. ಅತ್ತೆ ಮೊದಮೊದಲು ನೋಡಿದರು, ಆಮೇಲೆ ತಮ್ಮ ರವಿಕೆಯನ್ನೂ ನನಗೇ ಕೊಟ್ಟರು.

ಮಾಮ ಮಲಗಿಬಿಟ್ಟರೆಂದು ಸುದ್ದಿ ಬಂದಾಗ ಹಿಂದೂಪುರಕ್ಕೆ ಓಡಿದೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮಾತು ನಿಂತಿತ್ತು. ಬೀದಿಯವರು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ನನ್ನ ಸರದಿ ಬಂದಾಗ ಚಮಚ ಎಡಗೈಗೆ ಬಂದದ್ದು ನನಗೇ ಗೊತ್ತಾಗಲಿಲ್ಲ. ಹಿರಿಯರೊಬ್ಬರು ತಡೆದು, "ಬಲಗೈಲಿ ಬಿಡಮ್ಮ, ಈ ಹೊತ್ನಲ್ಲಿ ಎಡಗೈ ಆಗಲ್ಲ," ಅಂದರು. ಕೈ ಬದಲಾಯಿಸಿದೆ. ಚಮಚ ಓರೆಯಾಗಿ ನೀರೆಲ್ಲ ಅವರ ಗಲ್ಲದ ಮೇಲೆ ಚೆಲ್ಲಿತು.

ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ ಹೇಳಿದರು: "ಅವಳ ಕೈಲೇ ಬಿಡ್ಲಿ ಬಿಡ್ರಿ. ಅವನಿಗೆ ಅದೇ ಗೊತ್ತಿರೋದು."

ಎಡಗೈಯಲ್ಲಿ ಬಿಟ್ಟೆ. ನೀರು ಒಳಗೆ ಹೋಯಿತು…

ಅಪ್ಪ ಈಗಲೂ ಸಂಜೆ ಕಾಫಿ ಲೋಟ ಹಿಡಿದು ಜಗುಲಿ ಇಳಿದು, ಎದುರುಮನೆಯ ಕಡೆ ಅರ್ಧ ಬೀದಿ ಹೋಗಿ ತಿರುಗಿ ಬರುತ್ತಾರಂತೆ. ಅಮ್ಮ ಫೋನಿನಲ್ಲಿ ಹೇಳಿದಳು. ಅಪ್ಪನಿಗೆ ನೀನೇನು ಅನ್ನುತ್ತೀ ಎಂದು ಕೇಳಿದೆ. ಏನೂ ಅನ್ನುವುದಿಲ್ಲ, ಕಾಫಿ ಆರಿರುತ್ತದೆ, ಮತ್ತೆ ಬಿಸಿ ಮಾಡಿಕೊಡುತ್ತೇನೆ ಅಂದಳು.